ಚೌಕ ಬಾರದ ಲೆಕ್ಕ

ಅನಸೂಯಾಬಾಯಿ ಮೂವತ್ತಾರು ವರ್ಷ ಗಣಿತ ಕಲಿಸಿದರು. ಅದರಲ್ಲಿ ಕೊನೆಯ ಇಪ್ಪತ್ತೈದು ವರ್ಷ ಅವರು ಬೋರ್ಡಿನ ಮೇಲೆ ಮೂರರ ವರ್ಗಮೂಲವನ್ನು ಬರೆಯಲೇ ಇಲ್ಲ. ಎರಡರದು ಬರೆಯುತ್ತಿದ್ದರು, ಐದರದು ಬರೆಯುತ್ತಿದ್ದರು. ಪುಸ್ತಕದಲ್ಲಿ ಮೂರು ಬಂತೆಂದರೆ ‘ಇದನ್ನ ಮನ್ಯಾಗ ಮಾಡ್ಕೊಂಡು ಬರ್ರಿ’ ಎಂದು ಪುಟ ಮಗುಚುತ್ತಿದ್ದರು. ಮನೆಯಲ್ಲಿ ಮಾಡಿಕೊಂಡು ಬಂದವರ ನೋಟ್‌ಬುಕ್ಕನ್ನು ನೋಡುತ್ತಲೂ ಇರಲಿಲ್ಲ.

ಮಕ್ಕಳಿಗೆ ಇದು ಗೊತ್ತಾಗಲಿಲ್ಲ. ಗೊತ್ತಾದದ್ದು ಗಂಡ ಪಂಢರೀನಾಥರಿಗೆ. ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಆ ಮನುಷ್ಯನಿಗೆ ಹೆಂಡತಿಯನ್ನು ದಿನಕ್ಕೊಮ್ಮೆ ಕೆಣಕದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. “ಮಂದಿಗೆ ದೆವ್ವ ಹುಣಸಿ ಗಿಡದಾಗ ಇರತದ, ನಮ್ಮಾಕಿಗೆ ಮೂರರಾಗ ಅದ” ಎನ್ನುತ್ತಿದ್ದರು. ಅನಸೂಯಾಬಾಯಿ ನಗುತ್ತಿರಲಿಲ್ಲ. ದೆವ್ವ ಕಂಡವರು ದೆವ್ವದ ಮಾತಿಗೆ ನಗುವುದಿಲ್ಲ.

ಅವರನ್ನು ಊರು ‘ತಾಳೆ ಬಾಯಾರು’ ಎಂದೇ ಕರೆಯುತ್ತಿತ್ತು. ಹಳೇ ಬಾಗಲಕೋಟೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕೆಲಸಕ್ಕೆ ಸೇರಿದ ದಿನದಿಂದ ಅವರದು ಒಂದೇ ಮಾತು: ‘ಲೆಕ್ಕ ಆತು? ತಾಳೆ ನೋಡಿದ್ಯಾ?’ ಉತ್ತರ ಸರಿ ಇದ್ದರೂ ತಾಳೆ ನೋಡದಿದ್ದರೆ ಅರ್ಧ ಅಂಕ ಕಡಿತ. ಕಿರಾಣಿ ಅಂಗಡಿಯವನು ಚೀಟಿ ಕೊಟ್ಟರೆ ಅಲ್ಲೇ ನಿಂತು ತಾಳೆ ನೋಡುವರು, ಹಿಂದೆ ನಿಂತ ಗಿರಾಕಿ ಗೊಣಗಿದರೆ ಗೊಣಗಲಿ. ಇಂಥ ಹೆಂಗಸು ಜೀವನದಲ್ಲಿ ಒಂದೇ ಒಂದು ಲೆಕ್ಕದ ತಾಳೆಯನ್ನು ನೆಟ್ಟಗೆ ನೋಡಲಿಲ್ಲ. ಅದೇ ಅವರನ್ನು ಹಿಡಿದುಕೊಂಡಿತು.

ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ. ಅಣೆಕಟ್ಟಿನ ಹಿನ್ನೀರು ಬರುತ್ತದೆ, ಊರು ಎತ್ತುತ್ತಾರೆ ಎಂಬ ಮಾತು ಎಲ್ಲರ ಬಾಯಲ್ಲಿತ್ತು. ಒಂಬತ್ತನೇ ತರಗತಿಯಲ್ಲಿ ತಸ್ಲೀಮಾ ಎಂಬ ಹುಡುಗಿ. ಅವಳ ಅಪ್ಪ ಲಾಡಸಾಬ ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವವನು. ಒಂದು ದಿನ ವರ್ಗಮೂಲದ ಪಾಠ ಮುಗಿಯುತ್ತಿದ್ದಂತೆ ಅವಳು ಎದ್ದು ನಿಂತಳು.

“ಬಾಯಾರ, ನಾ ಒಂದು ಹೊಸಾ ಲೆಕ್ಕ ಕಂಡೇನ್ರಿ. ಯಾವುದರ ಒಂದು ಸಂಖ್ಯಾ ತಗೋರಿ, ಅದರ ಮೂಲಾನ ಅದಕ್ಕ ಕೂಡಸ್ರಿ. ಒಂದರಿಂದ ಹಿಡದು ಹಿಂಗ ಮಾಡಕೋತ ಹೋಗ್ರಿ. ಬರೂ ಉತ್ತರದಾಗ ಚೌಕ ಒಂದೂ ಬರೂದಿಲ್ರಿ. ಚೌಕ ಬಿಟ್ಟು ಉಳಿದದ್ದು ಒಂದೂ ತಪ್ಪೂದಿಲ್ರಿ.”

ಚೌಕ ಎಂದರೆ ಒಂದು, ನಾಲ್ಕು, ಒಂಬತ್ತು, ಹದಿನಾರು. ಅಷ್ಟು ಕಲ್ಲಿದ್ದರೆ ಉದ್ದಗಲ ಸಮನಾಗಿ ಹಾಸಬಹುದು. ಮೂಲ ಪೂರ್ಣವಾಗಿ ಬರದಿದ್ದರೆ ಏನು ಮಾಡುತ್ತಿ ಎಂದು ಬಾಯಾರು ಅವಳನ್ನು ಕೇಳಬೇಕಿತ್ತು. ಕೇಳಲಿಲ್ಲ. ಅವರು ಅದೇ ವಾರ ‘ದಶಮಾಂಶ ಬಿಟ್ಟುಬಿಡ್ರಿ’ ಎಂದು ಕಲಿಸಿದ್ದರು. ಹಾಗಾಗಿ ತಾವು ಕಲಿಸಿದಂತೆಯೇ ಬೋರ್ಡಿನ ಮೇಲೆ ಹಾಕಿದರು. ಒಂದಕ್ಕೆ ಒಂದು, ಎರಡಾಯಿತು. ಎರಡರ ಮೂಲ ಒಂದು ಚಿಲ್ಲರೆ, ಚಿಲ್ಲರೆ ಬಿಟ್ಟು ಒಂದು ಕೂಡಿಸಿದರೆ ಮೂರಾಯಿತು. ಮೂರರದೂ ಒಂದು ಚಿಲ್ಲರೆಯೇ. ಒಂದು ಕೂಡಿಸಿದರು, ನಾಲ್ಕಾಯಿತು.

“ನಾಲ್ಕು ಚೌಕ ಹೌದೋ ಅಲ್ಲೋ?”

“ಹೌದ್ರಿ. ಆದ್ರ ಬಾಯಾರ, ಮೂರಕ್ಕ ಎರಡ್ರಿ.”

“ಈಗ ಎರಡು ಹೆಂಗ ಆತು? ಸಿಕ್ಕೊಂಡ ಮ್ಯಾಲೆ ಲೆಕ್ಕ ತಿರುವ್ತೀಯೇನು?”

“ಇಲ್ರಿ, ಮೂರಕ್ಕ ಎರಡ ರೀ...”

ತರಗತಿಗೆ ತರಗತಿಯೇ ಗೊಳ್ಳೆಂದು ನಕ್ಕಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ಎಂದು ಬಾಯಾರೂ ನಕ್ಕರು. ಮೊಲವನ್ನು ಹಿಡಿದುಕೊಂಡು ಕೂತವರು ಯಾರೆಂಬುದು ಆಗ ಯಾರಿಗೂ ಹೊಳೆಯಲಿಲ್ಲ. ಹುಡುಗಿ ಅಳಲಿಲ್ಲ. ಬೋರ್ಡನ್ನು ಒಮ್ಮೆ, ಬಾಯಾರ ಮುಖವನ್ನು ಒಮ್ಮೆ ನೋಡಿ ಕೂತಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಇಷ್ಟು ಸಣ್ಣದು ಇವರಿಗೆ ಯಾಕೆ ಕಾಣುತ್ತಿಲ್ಲ ಎಂಬ ಅಚ್ಚರಿ ಇತ್ತು.

ಅಲ್ಲಿಗೇ ನಿಂತಿದ್ದರೆ ಮರೆತು ಹೋಗುತ್ತಿತ್ತು. ಎಂಟು ದಿನದ ಮೇಲೆ ಲಾಡಸಾಬ ಶಾಲೆಯ ಪಡಸಾಲೆಗೆ ಬಂದ. ಸುಣ್ಣ ತಿಂದು ಸೀಳಿದ ಬೆರಳುಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ಬಾಯಾರ, ಊರು ಎತ್ತತಾರಂತ. ನಾವು ಇಳಕಲ್ಲಿಗೆ ಅಕ್ಕನ ಕಡೆ ಹೋಗೂದಂತ ಮಾಡೇವಿ. ಹುಡುಗಿ ಲೆಕ್ಕದಾಗ ಶ್ಯಾಣೇಕಿ ಇದ್ರ ಇಲ್ಲೇ ಹಾಸ್ಟೆಲ್ಲಿಗೆ ಹಚ್ಚಿ ಓದಸ್ತೇನಿ, ಹೊಟ್ಟಿ ಕಟ್ಟತೇನಿ. ಖರೇ ಹೇಳ್ರಿ, ಅಕಿಗೆ ಲೆಕ್ಕ ಬರತೈತೇನ್ರಿ?”

“ಬರೂದಿಲ್ಲ, ಲಾಡಸಾಬ. ಮ್ಯಾಲೆ ತಪ್ಪು ಒಪ್ಪಿಕೊಳ್ಳೂ ಗುಣಾನೂ ಇಲ್ಲ.”

“ಮುಗೀತ್ರಿ. ನೀವು ಹೇಳಿದ ಮ್ಯಾಲೆ ಮುಗೀತು.” ಕೈ ಮುಗಿದು ಹೋದ. ಮುಂದಿನ ಸೋಮವಾರ ಮೂರನೇ ಬೆಂಚಿನ ಮೂಲೆ ಖಾಲಿ ಇತ್ತು.

ಅವತ್ತಿನಿಂದ ಶುರುವಾಯಿತು. ರಾತ್ರಿ ಅಲ್ಲ, ರಾತ್ರಿ ಅವರು ಚೆನ್ನಾಗಿಯೇ ನಿದ್ದೆ ಮಾಡುತ್ತಿದ್ದರು. ಮಟಮಟ ಮಧ್ಯಾಹ್ನ, ಊಟ ಮುಗಿದು ಶಾಲೆ ತೂಕಡಿಸುವ ಹೊತ್ತಿನಲ್ಲಿ, ಬೆನ್ನ ಹಿಂದೆ ಆ ದನಿ ಬರುತ್ತಿತ್ತು: ಮೂರಕ್ಕ ಎರಡ್ರಿ. ತಿರುಗಿದರೆ ಯಾರೂ ಇಲ್ಲ. ಊರು ಎತ್ತಿದರು, ನವನಗರಕ್ಕೆ ಬಂದರು, ಹೊಸ ಶಾಲೆ, ಹೊಸ ಬೋರ್ಡು. ದನಿಯೂ ಸಾಮಾನಿನ ಜೊತೆ ಗಾಡಿ ಹತ್ತಿ ಬಂತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಊರಿನ ಮುರುಕು ಗೋಡೆಗಳು ಮೇಲೇಳುತ್ತಿದ್ದವು. ಆ ದಾರಿಯಲ್ಲಿ ಬಸ್ಸು ಹೋಗುವಾಗ ಜನ ಕಿಟಕಿಗೆ ಬಗ್ಗಿ ‘ಅದು ನಮ್ಮ ಓಣಿ, ಇದು ನಮ್ಮ ಗುಡಿ’ ಎಂದು ಬೆರಳು ಮಾಡುತ್ತಿದ್ದರು. ಅನಸೂಯಾಬಾಯಿ ಕಣ್ಣು ಮುಚ್ಚಿ ಕೂಡುತ್ತಿದ್ದರು. ಆ ಗೋಡೆಗಳ ನಡುವೆ ಒಂದು ಬೋರ್ಡು ಇನ್ನೂ ನಿಂತಿದೆ, ಅದರ ಮೇಲೆ ತಮ್ಮ ಅಕ್ಷರದಲ್ಲಿ ನಾಲ್ಕು ಎಂದು ಇನ್ನೂ ಬರೆದಿದೆ ಎಂದು ಅವರಿಗೆ ಅನಿಸುತ್ತಿತ್ತು. ಒಂದು ಹಾಳೆ, ಒಂದು ಪೆನ್ಸಿಲು, ಅರ್ಧ ಗಂಟೆ ಇದ್ದರೆ ಸತ್ಯ ತಿಳಿಯುತ್ತಿತ್ತು. ತಿಳಿಯುತ್ತದೆ ಎಂಬ ಹೆದರಿಕೆಗೇ ಅವರು ಆ ಹಾಳೆ ಮುಟ್ಟಲಿಲ್ಲ.

ನಿವೃತ್ತರಾದ ಮರುವರ್ಷ, ಎರಡು ಸಾವಿರದ ಇಪ್ಪತ್ತೈದರಲ್ಲಿ, ಮಾಳಿಗೆಯ ಮೇಲೆ ಒಂದು ಕೋಣೆ ಕಟ್ಟಿಸಿದರು. ಶ್ರಾವಣದಲ್ಲಿ, ನಾಗರ ಪಂಚಮಿ ಕಳೆದ ವಾರ, ನೆಲಕ್ಕೆ ಫರಸಿ ಹಾಸಲು ಮುಕ್ತಾರ ಎಂಬ ಗೌಂಡಿ ಬಂದ. ಅಳತೆ ಮಾಡಿದ. ಒಂಬತ್ತು ಕಲ್ಲು ಉದ್ದ, ಐದು ಕಲ್ಲು ಅಗಲ, ಮೆಟ್ಟಿಲ ಬಾಯಿಗೆ ಎರಡು ಬಿಟ್ಟರೆ ನಲವತ್ತಮೂರು.

“ನಲವತ್ತಮೂರು ಹಾಸಾಕ, ಏಳು ಒಡಕಿಗೆ. ಐವತ್ತು ಕಲ್ಲು ಹೇಳ್ರಿ” ಎಂದ.

“ಏಳು ಯಾಕಪ್ಪಾ? ಆರು ಸಾಕಾಗೂದಿಲ್ಲೇನು?” ಹಳೆಯ ಚಟ, ಚೌಕಾಸಿ ಮಾಡಿದರು.

“ಆರು ತಗೊಂಡ್ರ ನಲವತ್ತೊಂಬತ್ತು ಆಗತೈತ್ರಿ, ಏಳೇಳಲೆ ನಲವತ್ತೊಂಬತ್ತು, ಚೌಕ. ನಮ್ಮ ಕೆಲಸದಾಗ ಚೌಕ ಬರಬಾರದು. ಬಂತಂದ್ರ ಎಣಿಕಿ ತಪ್ಪೇತಿ ಅಂತ ತಿಳೀಬೇಕು. ನಮ್ಮ ಉಸ್ತಾದ ಕಲಿಸಿದ್ದು.”

ಅನಸೂಯಾಬಾಯಿ ಹತ್ತಿರ ಬಂದರು. “ಹಂಗಂದ್ರ?”

ಮುಕ್ತಾರ ನೆಲದ ಮೇಲೆ ಸುಣ್ಣದ ಕಲ್ಲಿನಿಂದ ಗೀಚಿ ತೋರಿಸಿದ. ಕೋಣೆ ಹೇಗಾದರೂ ಇರಲಿ, ಇರುವ ಕಲ್ಲನ್ನು ಮನಸ್ಸಿನಲ್ಲೇ ಚೌಕ ಹಾಸಬೇಕು. ಮೂಲೆಯಿಂದ ಹಾಸುತ್ತ ಬಂದರೆ ಆರಾರಲೆ ಮೂವತ್ತಾರು ತುಂಬುತ್ತದೆ, ಏಳು ಉಳಿಯುತ್ತವೆ. ಆರನ್ನು ಒಂದು ಮಗ್ಗುಲಿಗೆ ಇಟ್ಟರೆ ಆ ಮಗ್ಗುಲು ಮುಗಿಯುತ್ತದೆ. ಇನ್ನೊಂದು ಕಲ್ಲು ಎರಡನೇ ಮಗ್ಗುಲಿಗೆ ಹೋಗುತ್ತದೆ. ಎರಡನೇ ಮಗ್ಗುಲಿಗೆ ಒಂದೇ ಕಲ್ಲು ಹೋದರೂ ಸಾಲು ಏರಿದಂತೆ, ಆರಲ್ಲ, ಏಳು. ಒಂದನೇ ಮಗ್ಗುಲಿಗೇ ಮುಗಿದರೆ ಆರು. ಎಷ್ಟು ಸಾಲೋ ಅಷ್ಟು ಕಲ್ಲು ಒಡಕಿಗೆ ಹೆಚ್ಚು ತರಬೇಕು.

“ಮೂರು ಕಲ್ಲಿದ್ರ?” ಎಂದು ಅನಸೂಯಾಬಾಯಿ ಕೇಳಿದರು. ದನಿ ತಮ್ಮದೇ ಎಂದು ಅವರಿಗೆ ಗುರುತು ಸಿಗಲಿಲ್ಲ.

“ಒಂದು ಮೂಲಿಗೆ, ಒಂದು ಈ ಮಗ್ಗಲಿಗೆ, ಒಂದು ಆ ಮಗ್ಗಲಿಗೆ. ಎರಡನೇ ಮಗ್ಗಲಿಗೆ ಹೋತಲ್ರಿ? ಮೂರಕ್ಕ ಎರಡು.”

“ನಿಮ್ಮ ಉಸ್ತಾದರ ಹೆಸರೇನು?”

“ಲಾಡಸಾಬ ಅಂತ್ರಿ. ಈಗ ಇಳಕಲ್ಲಾಗ ಮಗಳ ಮನ್ಯಾಗ ಅದಾರ. ಎಂಬತ್ತು ದಾಟೇತಿ, ಎದಿ ನೆಟ್ಟಗಿಲ್ಲ.”

ಮುಕ್ತಾರ ಹೋದ ಮೇಲೆ ಅನಸೂಯಾಬಾಯಿ ಡಬ್ಬಿಯ ತುಂಬ ಹುಣಸೆ ಬೀಜ ಹಿಡಿದು ಆ ಖಾಲಿ ಕೋಣೆಗೆ ಏರಿದರು. ನಾಲ್ಕು ಮಧ್ಯಾಹ್ನ ಅಲ್ಲೇ ಕೂತರು. ಪಂಢರೀನಾಥರು ಚಹಾ ತಂದಿಟ್ಟು, ಮಾತಿಲ್ಲದೆ ಇಳಿದು ಹೋಗುತ್ತಿದ್ದರು. ಕೆಣಕುವ ಮುಖ ಅದಲ್ಲ ಎಂದು ಅವರಿಗೂ ತಿಳಿದಿತ್ತು.

ಆರು ಬೀಜ ಹಾಸಿದರು, ಎರಡೆರಡಲೆ ನಾಲ್ಕರ ಚೌಕ, ಒಂದೇ ಮಗ್ಗುಲಿಗೆ ಎರಡು, ಮುಕ್ತಾರನ ಎಣಿಕೆಯಲ್ಲಿ ಸಾಲು ಎರಡೇ. ಆರರ ಮೂಲಕ್ಕೆ ಹತ್ತಿರದ ಪೂರ್ಣ ಸಂಖ್ಯೆಯೂ ಎರಡೇ, ಅದನ್ನು ಕೂಡಿಸಿದರೆ ಎಂಟು. ಮೂರರ ಚೌಕ ತುಂಬಲು ಮೂಲೆಯ ಒಂದು ಮನೆ ಖಾಲಿ ಉಳಿಯಿತು. ಏಳು ಬೀಜ ಮಾಡಿದರು. ಈಗ ಸಾಲು ಮೂರಕ್ಕೇರಿತು, ಮೂರು ಕೂಡಿಸಿದರೆ ಹತ್ತು. ಚೌಕ ತುಂಬಿ ಒಂದು ಹೊರಗೆ ಬಿತ್ತು. ಒಂಬತ್ತು ಎಲ್ಲೂ ಬರಲಿಲ್ಲ. ಹನ್ನೆರಡಕ್ಕೆ ಹದಿನೈದು, ಹದಿಮೂರಕ್ಕೆ ಹದಿನೇಳು, ಹದಿನಾರೂ ಇಲ್ಲ. ನಾಲ್ಕನೇ ದಿನ ಬೀಜ ಬದಿಗೆ ಸರಿಸಿ ಬರೇ ಕಣ್ಣು ಮುಚ್ಚಿ ಕೂತರು, ಆಗ ಪೂರ್ತಿ ಕಂಡಿತು. ಒಂದೊಂದೇ ಬೀಜ ಹೆಚ್ಚಿಸುತ್ತ ಹೋದರೆ ಉತ್ತರವೂ ಒಂದೊಂದೇ ಹೆಚ್ಚುತ್ತದೆ, ನಡುವೆ ಏನೂ ತಪ್ಪುವುದಿಲ್ಲ. ಸಾಲು ಏರುವ ಜಾಗದಲ್ಲಿ ಮಾತ್ರ ಉತ್ತರ ಎರಡು ಹೆಜ್ಜೆ ಹಾರುತ್ತದೆ. ಹಾರುವ ಮುಂಚೆ ಚೌಕಕ್ಕೆ ಒಂದು ಕಡಿಮೆ, ಹಾರಿದ ಮೇಲೆ ಚೌಕಕ್ಕೆ ಒಂದು ಹೆಚ್ಚು. ದಾಟಿ ಹೋದದ್ದು ಚೌಕವೇ, ಚೌಕದ ಹೊರತು ಬೇರೆ ಯಾವುದೂ ಅಲ್ಲ. ಸಾಲು ಎಷ್ಟೇ ದೊಡ್ಡದಿರಲಿ ಇದೇ ಮಾತು. ಹುಡುಗಿ ಹೇಳಿದ ಎರಡೂ ಮಾತು ಖರೆ: ಚೌಕ ಬರುವುದಿಲ್ಲ, ಉಳಿದದ್ದು ತಪ್ಪುವುದಿಲ್ಲ.

ಅನಸೂಯಾಬಾಯಿ ಅತ್ತರು. ಎಷ್ಟು ಚೆಂದದ ಲೆಕ್ಕ ಎಂದು ಮೊದಲು ಅಳು ಬಂತು. ಹದಿನಾಲ್ಕು ವರ್ಷದ ಹುಡುಗಿ ಅಪ್ಪನ ಕಲ್ಲಿನ ಎಣಿಕೆಯೊಳಗೆ ವರ್ಗಮೂಲವನ್ನು ಕಂಡು ಈ ಲೆಕ್ಕ ಕಟ್ಟಿದ್ದಳು. ತಾವು ಅದನ್ನು ಎರಡು ನಿಮಿಷದಲ್ಲಿ ಅಳಿಸಿ ಹಾಕಿದ್ದರು.

ಮಾಡಬೇಕಾದದ್ದು ಸ್ಪಷ್ಟವಿತ್ತು. ಇಳಕಲ್ಲಿಗೆ ಹೋಗಬೇಕು, ಅಪ್ಪನ ಮುಂದೆ, ಮಗಳ ಮುಂದೆ, ತಪ್ಪು ನನ್ನದು ಎನ್ನಬೇಕು. ಲಾಡಸಾಬನ ಎದೆ ನೆಟ್ಟಗಿಲ್ಲ, ತಡ ಮಾಡುವಂತಿಲ್ಲ. ಬಾಗಲಕೋಟೆಯಿಂದ ಹುನಗುಂದ ದಾಟಿದರೆ ಇಳಕಲ್ಲು, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು.

ಅವರು ಹೋಗಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ಕು ತರಿಸಿದರು. ನೂರರ ತನಕ ಒಂದೊಂದಾಗಿ ತಾಳೆ ನೋಡಿ ಹೋಗೋಣ ಎಂದರು. ನೂರಾಯಿತು, ಐನೂರು ಅಂದರು. ಗೌರಿ ಗಣಪತಿ ಬಂದು ಹೋದವು. ಐನೂರಾಯಿತು, ಸಾವಿರ ಅಂದರು.

“ಸಿದ್ಧ ಆಗೇದ ಅಂತ ನೀನ ಹೇಳ್ದಿ. ಮತ್ತ ಯಾತರ ತಾಳೆ?” ಎಂದು ಪಂಢರೀನಾಥರು ಕೇಳಿದರು.

“ಎಲ್ಲಿಯರ ಒಂದು ಕಡೆ ತಪ್ಪಿದ್ರ?”

“ನೀ ತಪ್ಪು ಹುಡುಕ್ಲಿಕ್ಕೆ ಹತ್ತಿಲ್ಲ, ಅನಸೂಯಾ. ಬಸ್ಸು ತಪ್ಪಸ್ಲಿಕ್ಕೆ ಹತ್ತೀದಿ.”

ಅನಸೂಯಾಬಾಯಿ ಸಿಟ್ಟಾಗಿ ಎರಡು ದಿನ ಮಾತು ಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಸಿಟ್ಟು ಅದು.

ದೀಪಾವಳಿಯ ಹೊತ್ತಿಗೆ ನೋಟ್‌ಬುಕ್ಕು ಸಾವಿರದ ಒಂಬೈನೂರ ಎಂಬತ್ತಕ್ಕೆ ಬಂದಿತ್ತು. ಅದಕ್ಕೆ ನಲವತ್ತನಾಲ್ಕು ಕೂಡಿಸಿದರೆ ಎರಡು ಸಾವಿರದ ಇಪ್ಪತ್ನಾಲ್ಕು. ಮುಂದಿನದಕ್ಕೆ ಸಾಲು ಏರಿತು, ನಲವತ್ತೈದು ಕೂಡಿಸಿದರೆ ಎರಡು ಸಾವಿರದ ಇಪ್ಪತ್ತಾರು. ಅವರ ಪೆನ್ನು ನಿಂತಿತು. ನಡೆಯುತ್ತಿರುವ ವರ್ಷ ಹುಡುಗಿಯ ಪಟ್ಟಿಯಲ್ಲಿ ಇರಲಿಲ್ಲ. ನಲವತ್ತೈದರ ಚೌಕ ಅದು. ಈ ವರ್ಷ ಅವಳಿಗೆ ಬೇಡವಾದ ವರ್ಷ, ಇದರಲ್ಲಿ ಹೋಗಿ ನಿಂತರೆ ಅವಳು ಬಾಗಿಲು ತೆಗೆಯುವುದಿಲ್ಲ ಎಂದು ಅನಿಸಿತು. ಅಮಾವಾಸ್ಯೆ, ಬೆಕ್ಕು, ಬಲಗಣ್ಣು ಅಂದವರಿಗೆಲ್ಲ ತರಗತಿಯಲ್ಲಿ ಛೀಮಾರಿ ಹಾಕಿದ್ದ ಗಣಿತದ ಬಾಯಾರು, ತಮ್ಮ ಭಯಕ್ಕೆ ಗಣಿತದ್ದೇ ಒಂದು ಅಪಶಕುನ ಹುಡುಕಿಕೊಂಡರು. ಈ ವರ್ಷ ದಾಟಲಿ ಎಂದರು. ನೋಟ್‌ಬುಕ್ಕು ಮುಚ್ಚಿಟ್ಟು ಕ್ಯಾಲೆಂಡರ್ ನೋಡುತ್ತ ಕೂತರು.

ವರ್ಷ ದಾಟಿತು. ಜನವರಿ ಎಂಟರಂದು ಪಂಢರೀನಾಥರೇ ಬೆಳಿಗ್ಗೆ ಎಬ್ಬಿಸಿ ಬಸ್ಸು ಹತ್ತಿಸಿದರು. ಅನಸೂಯಾಬಾಯಿ ಅಮೀನಗಡದಲ್ಲಿ ಇಳಿದು ಒಂದು ಪೊಟ್ಟಣ ಕರದಂಟು ಕೊಂಡರು, ಬರಿಗೈಯಲ್ಲಿ ಹೇಗೆ ಹೋಗುವುದು. ಇಳಕಲ್ಲಿನ ಓಣಿಯಲ್ಲಿ ಮಗ್ಗಗಳ ಸಪ್ಪಳದ ನಡುವೆ ಮುಕ್ತಾರ ಹೇಳಿದ ಮನೆ ಬೇಗ ಸಿಕ್ಕಿತು. ಬಾಗಿಲು ತೆಗೆದವಳು ನಲವತ್ತರ ಹೆಂಗಸು, ಮೂಗಿನ ಮೇಲೆ ಕನ್ನಡಕ, ಬೆರಳಿಗೆ ಕೆಂಪು ರೇಷ್ಮೆಯ ಎಳೆ ಅಂಟಿಕೊಂಡಿತ್ತು. ಒಂದು ಗಳಿಗೆ ನೋಡಿದಳು.

“ತಾಳೆ ಬಾಯಾರು ಅಲ್ರಿ? ಬರ್ರಿ, ಒಳಗ ಬರ್ರಿ.”

ಚಾಪೆ ಹಾಸಿದಳು, ನೀರು ಕೊಟ್ಟಳು, ಚಹಾ ಇಟ್ಟಳು. ಓಣಿಯ ನಾಲ್ಕು ಮಗ್ಗದವರ ಸೀರೆಯ ಹಾಸಿನ, ಅಂದರೆ ಉದ್ದದ, ಎಳೆ ತಾನೇ ಎಣಿಸಿ ಹೊಂದಿಸಿ ಕೊಡುತ್ತೇನೆ ಎಂದಳು. ಅನಸೂಯಾಬಾಯಿ ಚಹಾ ಮುಟ್ಟಲಿಲ್ಲ. ನೋಟ್‌ಬುಕ್ಕು ಮುಂದಿಟ್ಟರು.

“ತಸ್ಲೀಮಾ, ನೀ ಒಂಬತ್ತನೇ ಕ್ಲಾಸಿನಾಗ ಹೇಳಿದ ಲೆಕ್ಕ ಖರೆ ಇತ್ತು. ಚಿಲ್ಲರೆ ನಾ ಬಿಟ್ಟೆ. ಮೂರರ ಮೂಲ ಒಂದೂ ಮುಕ್ಕಾಲರ ಸಮೀಪ, ನೀ ಹತ್ತಿರದ ಎರಡು ಹಿಡದಿದ್ದಿ. ತಪ್ಪು ನಂದು. ನಿಮ್ಮಪ್ಪಗ ಹೇಳಿದ್ದೂ ತಪ್ಪು. ಅದನ್ನ ಅವರ ಮುಂದ ಹೇಳ್ಲಿಕ್ಕೆ ಬಂದೇನಿ.”

ತಸ್ಲೀಮಾ ನೋಟ್‌ಬುಕ್ಕು ತೆರೆಯಲಿಲ್ಲ. “ನನಗ ಗೊತ್ತಿತ್ರಿ ಬಾಯಾರ. ಆವತ್ತ ಮನಿಗೆ ಹೋಗಿ ಅಂಗಳದಾಗ ಕಲ್ಲು ಹಾಸಿ ನೋಡಿದ್ದೆ. ನನಗ ಹೇಳೂದೇನೂ ಇರಲಿಲ್ರಿ. ಗೊತ್ತಿಲ್ಲದವರು ಅಪ್ಪ. ತಮ್ಮ ಕಲ್ಲಿನ ಎಣಿಕಿನ ನನ್ನ ಸಾಲಿ ಲೆಕ್ಕ ಅಂದ್ರ ಅವರು ನಂಬಲಿಲ್ಲ.”

“ಎಲ್ಲಿದ್ದಾರ?”

“ಡಿಸೆಂಬರ್ ಇಪ್ಪತ್ತೆಂಟಕ್ಕ ಹೋದ್ರು.”

ಓಣಿಯ ಮಗ್ಗಗಳು ಬಡಿಯುತ್ತಲೇ ಇದ್ದವು.

“ಅಪ್ಪಗ ನನ್ನ ಮ್ಯಾಲೆ ಭಾಳ ಜೀವ ಇತ್ರಿ” ಎಂದಳು ತಸ್ಲೀಮಾ. “ಆದ್ರ ನಿಮ್ಮ ಮಾತಿನ ಮ್ಯಾಲೆ ಭರೋಸಾ ಅದಕ್ಕಿಂತ ಹೆಚ್ಚು. ಅಕಿಗೆ ಲೆಕ್ಕ ಬರೂದಿಲ್ಲ, ಬಾಯಾರ ಹೇಳ್ಯಾರ ಅಂತ ಕಡೀತನಕಾ ಅಂತಿದ್ರು. ಓಣಿಯವರು ನಕ್ಕರೂ ಕೇಳತಿರಲಿಲ್ಲ. ಹೊತ್ತಿಗೆ ಮೂರು ಗುಳಿಗಿ ಇದ್ದೂವು. ನಾ ಎಣಿಸಿ ಅಂಗೈಯಾಗ ಇಟ್ರ, ‘ಮಗಳ, ಇನ್ನೊಬ್ಬರಿಗೆ ತೋರಿಸ್ಕೊಂಡು ಬಾ’ ಅನ್ನೋರು. ನಾ ಹೊರಗ ಹೋಗಿ, ಸ್ವಲ್ಪ ಹೊತ್ತು ಕಟ್ಟಿ ಮ್ಯಾಲೆ ನಿಂತು, ಒಳಗ ಬಂದು ಕೊಡತಿದ್ದೆ.”

ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಇದ್ದಿದ್ದರೆ ಅನಸೂಯಾಬಾಯಿಗೆ ಎಷ್ಟೋ ಹಗುರವಾಗುತ್ತಿತ್ತು. ತಸ್ಲೀಮಾ ನೋಟ್‌ಬುಕ್ಕಿನ ದಪ್ಪವನ್ನು ಬೆರಳಿನಿಂದ ಸವರಿ ನೋಡಿದಳು. ಎಳೆ ಎಣಿಸುವ ಬೆರಳು, ಎಷ್ಟು ಪುಟ ತುಂಬಿದೆ ಎಂದು ಅದಕ್ಕೆ ತಿಳಿಯಿತು.

“ನಿಮಗ ಯಾವಾಗ ಗೊತ್ತಾತ್ರಿ, ಬಾಯಾರ?”

ಮೊನ್ನೆ ಮೊನ್ನೆ ಎನ್ನಬಹುದಿತ್ತು. ಯಾರೂ ತಾಳೆ ನೋಡುವವರಿರಲಿಲ್ಲ.

“ಶ್ರಾವಣದಾಗ” ಎಂದರು ಅನಸೂಯಾಬಾಯಿ. “ಪಂಚಮಿ ಆದ ಮರು ವಾರ.”

ತಸ್ಲೀಮಾ ಆರಿದ ಚಹಾದ ಕಪ್ಪು ಎತ್ತಿಕೊಂಡು ಎದ್ದು ನಿಂತಳು.

“ಆವಾಗ ಅಪ್ಪ ಅಡ್ಡಾಡತಿದ್ರು” ಎಂದಳು. “ದಿನಾ ಬಾಗಲದಾಗ ಕುರ್ಚಿ ಹಾಕ್ಕೊಂಡು ಕುಂದರತಿದ್ರು. ಬಾಗಲಕೋಟಿ ಕಡೆಯವರು ಯಾರರ ಬಂದ್ರ ಒಳಗ ಕರದು, ಬಾಯಾರು ಹೆಂಗದಾರ ಅಂತ ಕೇಳತಿದ್ರು.”